ಕೇಳಿಸಿಕೊಳ್ಳುವ ಮುಖ: ಲಿವ್ ಉಲ್ಮನ್ ಬಗ್ಗೆ

1973ರ ಮಾರ್ಚ್ 27ರ ಆಸ್ಕರ್ ಸಮಾರಂಭದ ಆ ಕೆಲವು ನಿಮಿಷಗಳನ್ನು ಸಿನಿಮಾ ಹುಚ್ಚಿರುವವರು ಯೂಟ್ಯೂಬಿನಲ್ಲಿ ಒಮ್ಮೆಯಾದರೂ ನೋಡಿರುತ್ತೀರಿ. 'ಗಾಡ್‌ಫಾದರ್' ಚಿತ್ರಕ್ಕಾಗಿ ಮಾರ್ಲನ್ ಬ್ರ್ಯಾಂಡೊ ಶ್ರೇಷ್ಠ ನಟ ಎಂದು ಘೋಷಣೆಯಾಗುತ್ತದೆ. ಬ್ರ್ಯಾಂಡೊ ಬದಲಿಗೆ ಸಾಶೀನ್ ಲಿಟಲ್‌ಫೆದರ್ ಎಂಬ ಯುವತಿ ವೇದಿಕೆ ಹತ್ತಿ, ಚಾಚಿದ ಪ್ರತಿಮೆಯನ್ನು ಕೈಯಡ್ಡ ಮಾಡಿ ನಿರಾಕರಿಸುತ್ತಾಳೆ. ಅಮೆರಿಕದ ಮೂಲನಿವಾಸಿಗಳನ್ನು ಹಾಲಿವುಡ್ ತೋರಿಸುತ್ತಾ ಬಂದ ರೀತಿಯನ್ನು ಖಂಡಿಸುತ್ತಾಳೆ. ಸಭೆಯಲ್ಲಿ ಗದ್ದಲ ಏಳುತ್ತದೆ. ಚರಿತ್ರೆಯಲ್ಲಿ ಉಳಿದದ್ದು ಅವಳೇ, ಅದು ಸರಿಯೂ ಹೌದು. ಆದರೆ ಆ ಪ್ರಶಸ್ತಿ ಕೊಡಲು ಅಲ್ಲಿ ಇಬ್ಬರು ನಿಂತಿದ್ದರು. ಒಬ್ಬರು ಹೊಸ ಜೇಮ್ಸ್ ಬಾಂಡ್ ರೋಜರ್ ಮೂರ್. ಮತ್ತೊಬ್ಬರು ನಾರ್ವೆಯ ನಟಿ ಲಿವ್ ಉಲ್ಮನ್.

ಅದೇ ರಾತ್ರಿ ಶ್ರೇಷ್ಠ ನಟಿ ವಿಭಾಗದಲ್ಲಿ ಲಿವ್ ಅವರ ಹೆಸರೂ ಇತ್ತು. ಇಂಗ್ಲಿಷ್ ಚಿತ್ರಕ್ಕಲ್ಲ, 'ದಿ ಎಮಿಗ್ರಂಟ್ಸ್' ಎಂಬ ಸ್ವೀಡಿಷ್ ಚಿತ್ರಕ್ಕೆ. ಪ್ರಶಸ್ತಿ 'ಕ್ಯಾಬರೆ'ಯ ಲೈಜಾ ಮಿನೆಲ್ಲಿ ಅವರಿಗೆ ಹೋಯಿತು. ಅದಕ್ಕೆ ಮೂರ್ನಾಲ್ಕು ತಿಂಗಳ ಹಿಂದಷ್ಟೇ ಟೈಮ್ ಪತ್ರಿಕೆ ಲಿವ್ ಅವರನ್ನು ಮುಖಪುಟಕ್ಕೆ ಹಾಕಿತ್ತು. ಸ್ವೀಡನ್ನಿನಿಂದ ಬಂದು ದೊಡ್ಡ ತಾರೆಯಾದ ಗ್ರೆಟಾ ಗಾರ್ಬೊಳಂಥ ಮತ್ತೊಬ್ಬಳು ಹಾಲಿವುಡ್ಡಿಗೆ ಸಿಕ್ಕಳು ಎಂಬ ಸಂಭ್ರಮ ಆಗ. ಆ ಸಂಭ್ರಮ ಬಹಳ ದಿನ ಉಳಿಯಲಿಲ್ಲ. ಆದರೂ ಐವತ್ತು ವರ್ಷದ ಮೇಲೆ, ತೆರೆಯ ಮೇಲಿನ ನಟನೆ ಎಂದಾಗ ನನ್ನ ಕಣ್ಣ ಮುಂದೆ ಮೊದಲು ಬರುವ ಮುಖ ಇವರದೇ. ಏಕೆ ಎಂದು ಬಹಳ ಕಾಲದಿಂದ ಯೋಚಿಸುತ್ತಾ ಬಂದಿದ್ದೇನೆ. ಸಂಭಾಷಣೆ ಹೇಳುವುದರಲ್ಲಿ ಗಟ್ಟಿಗರಾದ ನಟರು ಎಲ್ಲ ಭಾಷೆಯಲ್ಲೂ ಸಿಗುತ್ತಾರೆ. ಎದುರಿಗಿದ್ದವರು ಮಾತಾಡುವಾಗ ಕೇಳಿಸಿಕೊಳ್ಳುವುದನ್ನೇ ನಟನೆಯ ತಿರುಳಾಗಿಸಿಕೊಂಡವರು ಅಪರೂಪ. ಲಿವ್ ಅವರ ಪ್ರತಿಭೆ ಇರುವುದು ಅಲ್ಲಿ ಎಂದು ನಾನು ನಂಬಿದ್ದೇನೆ.

ಲಿವ್ ಹುಟ್ಟಿದ್ದು 1938ರ ಡಿಸೆಂಬರ್ 16ರಂದು, ಜಪಾನಿನ ಟೋಕಿಯೊದಲ್ಲಿ. ತಂದೆ ನಾರ್ವೆಯ ಎಂಜಿನಿಯರ್, ವಿಮಾನಗಳ ಕೆಲಸದ ಮೇಲೆ ಅಲ್ಲಿದ್ದವರು. ತಮ್ಮ ಮೊದಲ ಪುಸ್ತಕದ ಆರಂಭದಲ್ಲೇ ಲಿವ್ ಆ ಆಸ್ಪತ್ರೆಯ ಕಥೆ ಹೇಳುತ್ತಾರೆ. ತಾಯಿಗೆ ಆ ದಿನದ ಎರಡು ವಿಷಯ ನೆನಪಿತ್ತಂತೆ. ನೆಲದ ಮೇಲೆ ಒಂದು ಇಲಿ ಓಡಿತು, ಅದನ್ನು ಅವರು ಶುಭಶಕುನ ಎಂದುಕೊಂಡರು. ಆಮೇಲೆ ನರ್ಸ್ ಬಗ್ಗಿ, ಕ್ಷಮೆ ಕೇಳುವ ದನಿಯಲ್ಲಿ, ಹುಟ್ಟಿದ್ದು ಹೆಣ್ಣು, ನಿಮ್ಮ ಯಜಮಾನರಿಗೆ ನೀವೇ ತಿಳಿಸುತ್ತೀರಾ ಎಂದು ಕೇಳಿದಳು. ನಮ್ಮ ಕಡೆಯ ಎಷ್ಟೋ ಹೆರಿಗೆ ವಾರ್ಡುಗಳಲ್ಲಿ ಇವತ್ತಿಗೂ ಕೇಳಿಬರುವ ದನಿ ಅದು. ಓದುವಾಗ ನನಗೆ ಪರದೇಶದ ಕಥೆ ಎನ್ನಿಸಲೇ ಇಲ್ಲ.

ಯುದ್ಧ ಶುರುವಾದ ಮೇಲೆ ಕುಟುಂಬ ಕೆನಡಾದ ಟೊರಾಂಟೊಗೆ ಹೋಯಿತು. ನಾಜಿಗಳು ನಾರ್ವೆಯನ್ನು ಆಕ್ರಮಿಸಿದ್ದರಿಂದ ನಾರ್ವೆಯ ವಾಯುಪಡೆ ಅಲ್ಲಿಯ ದ್ವೀಪವೊಂದರಲ್ಲಿ ತರಬೇತಿ ನೆಲೆ ಮಾಡಿಕೊಂಡಿತ್ತು. 'ಲಿಟಲ್ ನಾರ್ವೆ' ಎಂದೇ ಅದಕ್ಕೆ ಹೆಸರು. ತಂದೆಗೆ ಅಲ್ಲಿ ಕೆಲಸ. ಒಂದು ದಿನ ವಿಮಾನದ ಪ್ರೊಪೆಲ್ಲರ್ ಬಡಿದು ತಲೆಗೆ ಪೆಟ್ಟಾಯಿತು. ಅವರು ಮತ್ತೆ ಚೇತರಿಸಿಕೊಳ್ಳಲಿಲ್ಲ. ಲಿವ್‌ಗೆ ಆರೇಳು ವರ್ಷವಿದ್ದಾಗ ತೀರಿಕೊಂಡರು. ಅತ್ತ ನಾರ್ವೆಯಲ್ಲಿ ಅಜ್ಜ, ಯಹೂದಿಗಳು ತಪ್ಪಿಸಿಕೊಳ್ಳಲು ನೆರವಾದರು ಎಂಬ ಕಾರಣಕ್ಕೆ ಬಂಧನಕ್ಕೊಳಗಾಗಿ ಡಾಖಾವ್ ಯಾತನಾ ಶಿಬಿರದಲ್ಲಿ ಸತ್ತರು. ಯುದ್ಧ ಮುಗಿದ ಮೇಲೆ ತಾಯಿ ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಊರಿಗೆ ಮರಳಿ ಟ್ರಾಂಡ್‌ಹೈಮ್‌ನಲ್ಲಿ ನೆಲೆಸಿದರು.

ಹುಡುಗಿಗೆ ನಾಟಕದ ಹುಚ್ಚು. ಲಂಡನ್ನಿನಲ್ಲಿ ಕೆಲವು ತಿಂಗಳು ನಟನೆ ಕಲಿತರು. ಓಸ್ಲೊದ ರಾಷ್ಟ್ರೀಯ ನಾಟಕ ಶಾಲೆಯ ಪರೀಕ್ಷೆಯಲ್ಲಿ ಪಾಸಾಗಲಿಲ್ಲ. ಮುಂದೆ ನಾರ್ವೆಯ ರಂಗಭೂಮಿಗೆ ಜಗತ್ತಿನಲ್ಲೆಲ್ಲ ಹೆಸರು ತಂದ ನಟಿಯನ್ನು ಆ ದೇಶದ ನಾಟಕ ಶಾಲೆಯೇ ಸೇರಿಸಿಕೊಳ್ಳಲಿಲ್ಲ! ಕೈ ಹಿಡಿದದ್ದು ನೈಋತ್ಯ ಕರಾವಳಿಯ ಸ್ಟಾವಾಂಗರ್ ಊರಿನ ರೂಗಲಾಂಡ್ ರಂಗಮಂದಿರ. 1957ರಲ್ಲಿ, ಹದಿನೆಂಟರ ವಯಸ್ಸಿಗೆ, ಅಲ್ಲಿ ಸಿಕ್ಕಿದ ಪಾತ್ರ ಆನ್ ಫ್ರ್ಯಾಂಕ್. ಯಹೂದಿಗಳಿಗೆ ನೆರವಾಗಿ ಶಿಬಿರದಲ್ಲಿ ಸತ್ತವರ ಮೊಮ್ಮಗಳು, ಶಿಬಿರದಲ್ಲಿ ಸತ್ತ ಯಹೂದಿ ಹುಡುಗಿಯ ಪಾತ್ರದಲ್ಲಿ. ಯುದ್ಧ ಮುಗಿದು ಆಗಿನ್ನೂ ಹನ್ನೆರಡು ವರ್ಷ. ಸಭಿಕರಲ್ಲಿ ಆ ದಿನಗಳನ್ನು ಬದುಕಿ ಬಂದವರೇ ಹೆಚ್ಚು ಇದ್ದಿರಬೇಕು. ಆಮೇಲೆ ಓಸ್ಲೊದ ದೊಡ್ಡ ರಂಗಮಂದಿರಗಳು, ನಾರ್ವೆಯ ಮೊದಲ ಮಹಿಳಾ ನಿರ್ದೇಶಕಿ ಎಡಿತ್ ಕಾರ್ಲ್‌ಮಾರ್ ಅವರ ಸಿನಿಮಾ, ಮದುವೆ. 1962ರ ಒಂದು ಚಿತ್ರದಲ್ಲಿ ಸ್ವೀಡನ್ನಿನ ನಟಿ ಬೀಬಿ ಆಂಡರ್ಸನ್ ಜೊತೆಯಾದರು, ಗೆಳತಿಯಾದರು. ಬೀಬಿ ಆಗಲೇ ಸ್ವೀಡನ್ನಿನ ಹೆಸರಾಂತ ನಿರ್ದೇಶಕ ಇಂಗ್ಮಾರ್ ಬರ್ಗ್‌ಮನ್ ಬಳಗದವರು.

ಬರ್ಗ್‌ಮನ್ 1965ರಲ್ಲಿ ಕಾಯಿಲೆ ಬಿದ್ದು ಆಸ್ಪತ್ರೆಯಲ್ಲಿದ್ದಾಗ ಈ ಇಬ್ಬರೂ ಒಟ್ಟಿಗಿರುವ ಫೋಟೊ ನೋಡಿದರು. ಇಬ್ಬರ ಹೋಲಿಕೆ ಅವರನ್ನು ಹಿಡಿದು ನಿಲ್ಲಿಸಿತು. ಆ ಬೇಸಿಗೆಯಲ್ಲೇ ಬಾಲ್ಟಿಕ್ ಸಮುದ್ರದ ಫೋರೊ ದ್ವೀಪದಲ್ಲಿ 'ಪರ್ಸೋನಾ' ಚಿತ್ರೀಕರಣ ನಡೆಯಿತು. ಎಲಿಸಬೆತ್ ವೋಗ್ಲರ್ ಎಂಬ ನಟಿ ನಾಟಕದ ನಡುವೆಯೇ ಮಾತು ನಿಲ್ಲಿಸಿಬಿಡುತ್ತಾಳೆ. ಕಾಯಿಲೆಯೂ ಇಲ್ಲ, ಹುಚ್ಚೂ ಇಲ್ಲ, ಮಾತಾಡುವುದಿಲ್ಲ ಅಷ್ಟೆ. ಅವಳನ್ನು ನೋಡಿಕೊಳ್ಳಲು ಬಂದ ನರ್ಸ್ ಆಲ್ಮಾ ಸಮುದ್ರದಂಡೆಯ ಮನೆಯಲ್ಲಿ ಮಾತಾಡುತ್ತಾ ಮಾತಾಡುತ್ತಾ ತನ್ನ ಒಡಲಿನದನ್ನೆಲ್ಲ ಬಿಚ್ಚಿಡುತ್ತಾಳೆ. ಆಲ್ಮಾ ಬೀಬಿ, ಎಲಿಸಬೆತ್ ಲಿವ್. ತಮಗೆ ಹೊಸಬರಾದ ನಿರ್ದೇಶಕರ ಜೊತೆ ಮೊದಲ ಚಿತ್ರ, ಪಾತ್ರಕ್ಕೆ ಬೆರಳೆಣಿಕೆಯಷ್ಟು ಮಾತು. ಇಪ್ಪತ್ತಾರರ ನಟಿ ಇದನ್ನು ಒಪ್ಪಿಕೊಂಡದ್ದೇ ದೊಡ್ಡ ಧೈರ್ಯ.

ನಮ್ಮ ನಾಟ್ಯಶಾಸ್ತ್ರ ಅಭಿನಯವನ್ನು ನಾಲ್ಕಾಗಿ ಹೇಳುತ್ತದೆ: ಆಂಗಿಕ (ಅಂಗಗಳಿಂದ), ವಾಚಿಕ (ಮಾತಿನಿಂದ), ಆಹಾರ್ಯ (ವೇಷಭೂಷಣದಿಂದ), ಸಾತ್ವಿಕ (ಒಳಗಿನ ಭಾವದಿಂದ). 'ಪರ್ಸೋನಾ'ದಲ್ಲಿ ವಾಚಿಕ ಇಲ್ಲವೇ ಇಲ್ಲ ಎನ್ನಬಹುದು. ಕಪ್ಪು ಅಂಗಿ, ಎಳೆದು ಕಟ್ಟಿದ ಕೂದಲು, ಆಹಾರ್ಯವೂ ಅಷ್ಟಕ್ಕಷ್ಟೆ. ಕ್ಯಾಮೆರಾ ಮುಖದ ಮೇಲೇ ಕೂತಿರುವುದರಿಂದ ಕೈಕಾಲಿನ ಆಂಗಿಕಕ್ಕೂ ಎಡೆ ಕಡಿಮೆ. ಉಳಿಯುವುದು ಸಾತ್ವಿಕ ಒಂದೇ. ಆಸ್ಪತ್ರೆಯ ಒಂದು ದೃಶ್ಯವಿದೆ. ರೇಡಿಯೊದಲ್ಲಿ ಬಾಖ್ ಸಂಗೀತ ಬರುತ್ತಿರುತ್ತದೆ, ಎಲಿಸಬೆತ್ ಮಲಗಿ ಕೇಳುತ್ತಿರುತ್ತಾಳೆ. ಕ್ಯಾಮೆರಾ ಅಲುಗುವುದಿಲ್ಲ, ಅವಳೂ ಅಲುಗುವುದಿಲ್ಲ. ಬೆಳಕು ಮಾತ್ರ ಮೆಲ್ಲಗೆ ಇಳಿಯುತ್ತಾ ಹೋಗುತ್ತದೆ. ಸ್ವೆನ್ ನ್ಯೂಕ್ವಿಸ್ಟ್ ಛಾಯಾಗ್ರಹಣ. ಮುಖ ಕತ್ತಲಾಗುವವರೆಗೂ ನಾವು ಅವಳನ್ನೇ ನೋಡುತ್ತಿರುತ್ತೇವೆ. ಏನೂ ನಡೆಯುವುದಿಲ್ಲ, ಆದರೆ ಅಲ್ಲಿ ಒಬ್ಬಳು ಕೇಳುತ್ತಿದ್ದಾಳೆ ಎಂಬುದರಲ್ಲಿ ಎಳ್ಳಷ್ಟೂ ಅನುಮಾನ ಇರುವುದಿಲ್ಲ.

ಇನ್ನೊಂದು ಜಾಗದಲ್ಲಿ ಅವಳು ಒಂದು ಹಳೆಯ ಫೋಟೊ ನೋಡುತ್ತಾಳೆ. ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ವಾರ್ಸಾ ಘೆಟ್ಟೊದಲ್ಲಿ ಬಂದೂಕಿನ ಮುಂದೆ ಕೈ ಎತ್ತಿ ನಿಂತ ಆ ಪುಟ್ಟ ಹುಡುಗನ ಫೋಟೊ. ಅದನ್ನು ಬರ್ಗ್‌ಮನ್ ಯಾಕೆ ತಂದರು ಎಂದು ವಿಮರ್ಶಕರು ಪುಟಗಟ್ಟಲೆ ಬರೆದಿದ್ದಾರೆ. ಆ ಕಡೆ ನೋಡುತ್ತಿರುವ ನಟಿಯ ಅಜ್ಜ ಡಾಖಾವ್‌ನಲ್ಲಿ ಸತ್ತವರು, ಅವಳು ಮೊದಲು ಆಡಿದ ದೊಡ್ಡ ಪಾತ್ರ ಆನ್ ಫ್ರ್ಯಾಂಕ್ ಎಂದು ತಿಳಿದ ಮೇಲೆ ಆ ದೃಶ್ಯವನ್ನು ನಾನು ಮೊದಲಿನಂತೆ ನೋಡಲಾರೆ.

ಚಿತ್ರದ ಕೊನೆಯ ಭಾಗದಲ್ಲಿ ಬರ್ಗ್‌ಮನ್ ಒಂದು ವಿಚಿತ್ರ ಕೆಲಸ ಮಾಡುತ್ತಾರೆ. ಎಲಿಸಬೆತ್ ತನ್ನ ಮಗನನ್ನು ಹೇಗೆ ಬೇಡವೆಂದುಕೊಂಡಳು ಎಂದು ಆಲ್ಮಾ ಅವಳೆದುರೇ ಕೂತು ಹೇಳುತ್ತಾಳೆ. ಇಡೀ ಮಾತು ಎರಡು ಸಲ ಬರುತ್ತದೆ, ಪದಕ್ಕೆ ಪದ. ಮೊದಲ ಸಲ ಕ್ಯಾಮೆರಾ ಇರುವುದು ಕೇಳುವ ಲಿವ್ ಮೇಲೆ, ಎರಡನೆಯ ಸಲ ಮಾತಾಡುವ ಬೀಬಿ ಮೇಲೆ. ಎಡಿಟಿಂಗ್ ಪಾಠ ಹೇಳುವವರು ಇದನ್ನು ಮಕ್ಕಳಿಗೆ ತೋರಿಸಬೇಕು. ಕೇಳುವವಳ ಮುಖದ ಮೇಲೆ ಕಥೆ ನಡೆಯುವಾಗ ಅದು ಅಪರಾಧದ ಕಥೆ. ಹೇಳುವವಳ ಮುಖದ ಮೇಲೆ ನಡೆಯುವಾಗ ಅದು ಕ್ರೌರ್ಯದ ಕಥೆ. ಆಮೇಲೆ ಇಬ್ಬರ ಅರ್ಧರ್ಧ ಮುಖ ಸೇರಿ ಒಂದೇ ಮುಖವಾಗುತ್ತದೆ. ಈ ಜೋಡಣೆಯನ್ನು ಮೊದಲ ಬಾರಿ ತೋರಿಸಿದಾಗ ಬೀಬಿ ಅದನ್ನು ಲಿವ್ ಎಂದೂ, ಲಿವ್ ಅದನ್ನು ಬೀಬಿ ಎಂದೂ ತಿಳಿದು ಒಬ್ಬರನ್ನೊಬ್ಬರು ಹೊಗಳಿದರು ಎಂದು ಬರ್ಗ್‌ಮನ್ ಹೇಳಿಕೊಂಡಿದ್ದಾರೆ.

ಎಲಿಸಬೆತ್ ಪಾತ್ರದಲ್ಲಿ ಇನ್ನೊಂದು ಪದರವಿದೆ. ಅವಳು ವೈದ್ಯೆಗೆ ಬರೆದ ಪತ್ರವನ್ನು ಆಲ್ಮಾ ಗುಟ್ಟಾಗಿ ಓದಿಬಿಡುತ್ತಾಳೆ. ತನ್ನನ್ನು ಅಷ್ಟು ಪ್ರೀತಿಯಿಂದ ಆಲಿಸಿದವಳು ತನ್ನನ್ನು ಒಂದು ಮಾದರಿಯ ಹಾಗೆ ಅಭ್ಯಾಸ ಮಾಡುತ್ತಿದ್ದಳು ಎಂದು ಗೊತ್ತಾದಾಗ ಆಲ್ಮಾಳ ಎದೆ ಒಡೆಯುತ್ತದೆ. ಕೇಳಿಸಿಕೊಳ್ಳುವುದರಲ್ಲಿ ಕಳ್ಳತನವೂ ಇರಬಹುದು. ಲಿವ್ ಅವರ ನಟನೆ ಈ ಎರಡನ್ನೂ ಬಿಟ್ಟುಕೊಡುವುದಿಲ್ಲ. ಮುಗುಳ್ನಗೆಯಲ್ಲಿ ಅಕ್ಕರೆ ಎಷ್ಟು, ಹಸಿವು ಎಷ್ಟು ಎಂದು ಹತ್ತು ಸಲ ನೋಡಿದರೂ ಲೆಕ್ಕ ಸಿಗದು.

ಆ ಬೇಸಿಗೆಯಲ್ಲೇ ಲಿವ್ ಮತ್ತು ಬರ್ಗ್‌ಮನ್ ಪ್ರೀತಿಸತೊಡಗಿದರು. ಬರ್ಗ್‌ಮನ್‌ಗಿಂತ ಲಿವ್ ಇಪ್ಪತ್ತು ವರ್ಷ ಚಿಕ್ಕವರು, ಇಬ್ಬರಿಗೂ ಬೇರೆ ಮದುವೆಗಳಾಗಿದ್ದವು. ಬರ್ಗ್‌ಮನ್ ಫೋರೊದಲ್ಲೇ ಮನೆ ಕಟ್ಟಿಸಿದರು. 1966ರಲ್ಲಿ ಮಗಳು ಲಿನ್ ಹುಟ್ಟಿದಳು. ಐದು ವರ್ಷ ಒಟ್ಟಿಗಿದ್ದರು. ಈ ಸಂಬಂಧದ ಕಥೆಯನ್ನು ನಮ್ಮವರೇ ಆದ ಧೀರಜ್ ಅಕೋಲ್ಕರ್ 2012ರ 'ಲಿವ್ ಅಂಡ್ ಇಂಗ್ಮಾರ್' ಸಾಕ್ಷ್ಯಚಿತ್ರದಲ್ಲಿ ಹಿಡಿದಿದ್ದಾರೆ. ವಯಸ್ಸಾದ ಲಿವ್ ಆ ದ್ವೀಪದ ಮನೆಯಲ್ಲಿ ಕೂತು ಪ್ರೀತಿ, ಒಂಟಿತನ, ಬರ್ಗ್‌ಮನ್ ಅವರ ಅಸೂಯೆ, ಸಿಟ್ಟು, ಆಮೇಲೆ ಉಳಿದ ಸ್ನೇಹ ಎಲ್ಲವನ್ನೂ ಮುಚ್ಚುಮರೆ ಇಲ್ಲದೆ ಹೇಳುತ್ತಾರೆ. ಸ್ಕ್ಯಾಂಡಿನೇವಿಯಾದವರೇ ಮಾಡಬಹುದಾಗಿದ್ದ ಚಿತ್ರವನ್ನು ಭಾರತದ ಒಬ್ಬರು ಮಾಡಿದರು ಎಂಬುದು ನನಗೆ ಹೆಮ್ಮೆಯ ವಿಷಯ. ಲಿವ್ ಅವರ ಇಡೀ ಬದುಕಿನ ಮೇಲೂ ಅಕೋಲ್ಕರ್ 2023ರಲ್ಲಿ ಮತ್ತೊಂದು ಸಾಕ್ಷ್ಯಚಿತ್ರ ತಂದರು.

ನೀನು ನನ್ನ ಸ್ಟ್ರಾಡಿವೇರಿಯಸ್ ಎಂದು ಬರ್ಗ್‌ಮನ್ ಒಮ್ಮೆ ಹೇಳಿದ್ದನ್ನು ಲಿವ್ ಬಹಳ ಕಡೆ ನೆನೆಸಿಕೊಂಡಿದ್ದಾರೆ. ಅದು ಜಗತ್ತಿನ ಅತಿ ಬೆಲೆಬಾಳುವ ವಯಲಿನ್. ತಮಗೆ ಸಿಕ್ಕ ಅತ್ಯಂತ ದೊಡ್ಡ ಮೆಚ್ಚುಗೆ ಎಂದೇ ಅವರು ಅದನ್ನು ಕಂಡರು. ನನಗೆ ಆ ಮಾತು ಹಿಡಿಸುವುದಿಲ್ಲ. ವಯಲಿನ್ ಎಷ್ಟು ಒಳ್ಳೆಯದಾದರೂ ಇನ್ನೊಬ್ಬರು ನುಡಿಸಬೇಕು. 'ಬರ್ಗ್‌ಮನ್‌ನ ನಾಯಕಿ' ಎಂಬ ಹಣೆಪಟ್ಟಿಯಡಿ ಈ ಹೆಂಗಸಿನ ಅರ್ಧ ಕೆಲಸ ಮುಚ್ಚಿಹೋಗಿದೆ. ಅವರಿಬ್ಬರ ನಡುವಿನ ಹತ್ತು ಚಿತ್ರಗಳಲ್ಲಿ ಬಹುಪಾಲು ಆದದ್ದು ಒಲವಿನ ಕಾಲದಲ್ಲೇ ಎಂದು ಹಲವರು ತಿಳಿದಿದ್ದಾರೆ. ಲೆಕ್ಕ ಹಾಕಿ ನೋಡಿ. ಒಟ್ಟಿಗಿದ್ದಾಗ ಬಂದವು 'ಪರ್ಸೋನಾ', 'ಅವರ್ ಆಫ್ ದಿ ವುಲ್ಫ್', 'ಶೇಮ್', 'ದಿ ಪ್ಯಾಶನ್ ಆಫ್ ಆನಾ'. ಬೇರೆಯಾದ ಮೇಲೆ ಬಂದವು 'ಕ್ರೈಸ್ ಅಂಡ್ ವಿಸ್ಪರ್ಸ್', 'ಸೀನ್ಸ್ ಫ್ರಮ್ ಎ ಮ್ಯಾರೇಜ್', 'ಫೇಸ್ ಟು ಫೇಸ್', 'ದಿ ಸರ್ಪೆಂಟ್ಸ್ ಎಗ್', 'ಆಟಮ್ ಸೊನಾಟಾ', ಕೊನೆಗೆ 2003ರ 'ಸಾರಾಬಾಂಡ್'. ಮನೆಯಿಂದ ಹೊರನಡೆದ ಮೇಲೆ ಆರು. ಅದರಲ್ಲಿ ಮೂರಾದರೂ ಜಗತ್ತಿನ ದೊಡ್ಡ ಚಿತ್ರಗಳ ಸಾಲಿಗೆ ಸೇರುತ್ತವೆ. ('ಸರ್ಪೆಂಟ್ಸ್ ಎಗ್' ಆ ಸಾಲಿಗೆ ಸೇರದು. ಬರ್ಲಿನ್‌ನ ಕ್ಯಾಬರೆ ಗಾಯಕಿಯ ಪಾತ್ರ ಲಿವ್‌ಗೆ ಒಗ್ಗಲೇ ಇಲ್ಲ.)

'ಕ್ರೈಸ್ ಅಂಡ್ ವಿಸ್ಪರ್ಸ್'ನ ಕನ್ನಡಿಯ ದೃಶ್ಯವನ್ನು ಹೇಳದೆ ಮುಂದೆ ಹೋಗಲಾರೆ. ಲಿವ್ ಇಲ್ಲಿ ಮರಿಯಾ, ಚೆಲುವೆ, ಎಲ್ಲರನ್ನೂ ಮುಟ್ಟಿ ಮಾತಾಡಿಸುವವಳು, ಯಾರಿಗೂ ಒದಗದವಳು. ಅವಳ ಹಳೆಯ ಪ್ರಿಯಕರನಾದ ವೈದ್ಯ ಅವಳನ್ನು ಕನ್ನಡಿಯ ಮುಂದೆ ನಿಲ್ಲಿಸಿ, ನಿನ್ನ ಮುಖ ಹೇಗೆ ಬದಲಾಗಿದೆ ನೋಡು ಎನ್ನುತ್ತಾ ಒಂದೊಂದೇ ಗೆರೆ ತೋರಿಸುತ್ತಾನೆ. ಬಾಯಿಯ ಮೂಲೆಯಲ್ಲಿ ಅತೃಪ್ತಿ, ಹಣೆಯ ಮೇಲೆ ಉದಾಸೀನ, ಕಣ್ಣಿನ ಸುತ್ತ ಬೇಸರ. ಅಷ್ಟು ಹತ್ತಿರದ ಕ್ಯಾಮೆರಾ. ಆ ಗೆರೆಗಳು ಲಿವ್ ಅವರದೇ. ಯಾವ ತಾರೆಯೂ ಕೇಳಲು ಇಷ್ಟಪಡದ ಮಾತುಗಳನ್ನು ಅವರು ಅರ್ಧ ನಗುತ್ತಾ ಕೇಳುತ್ತಾರೆ. ಮರಿಯಾಳ ಜಂಬ ಇಳಿಯುವುದಿಲ್ಲ, ಆದರೆ ಪೆಟ್ಟು ತಾಗಿದ್ದು ಕಾಣುತ್ತದೆ.

ಬರ್ಗ್‌ಮನ್ ಲೋಕದಾಚೆಗೆ ಲಿವ್ ಮಾಡಿದ ದೊಡ್ಡ ಕೆಲಸ ಯಾನ್ ಟ್ರೂಯೆಲ್ ಅವರ 'ದಿ ಎಮಿಗ್ರಂಟ್ಸ್' ಮತ್ತು 'ದಿ ನ್ಯೂ ಲ್ಯಾಂಡ್', 1971 ಮತ್ತು 1972ರ ಜೋಡಿ ಚಿತ್ರಗಳು. ವಿಲ್ಹೆಲ್ಮ್ ಮೂಬೆರಿ ಅವರ ಕಾದಂಬರಿ ಸರಣಿ ಮೂಲ. ಹತ್ತೊಂಬತ್ತನೇ ಶತಮಾನದ ನಡುವಿನ ಸ್ವೀಡನ್, ಕಲ್ಲು ತುಂಬಿದ ಹೊಲ, ಹಸಿವು, ಹಸಿವಿಗೆ ಮಗುವನ್ನು ಕಳೆದುಕೊಂಡ ಕಾರ್ಲ್ ಆಸ್ಕರ್ ಮತ್ತು ಕ್ರಿಸ್ತೀನಾ ದಂಪತಿ. ಹಾಯಿ ಹಡಗಿನಲ್ಲಿ ಅಟ್ಲಾಂಟಿಕ್ ದಾಟಿ ಮಿನೆಸೋಟಾಗೆ ಹೋಗುತ್ತಾರೆ. ಗಂಡನಾಗಿ ಮ್ಯಾಕ್ಸ್ ಫಾನ್ ಸಿಡೋ. ಅವನಿಗೆ ಹೊಸ ಭೂಮಿಯ ಕನಸು, ಅವಳಿಗೆ ಬಿಟ್ಟುಬಂದ ಊರಿನ ಹಂಬಲ. ಕ್ರಿಸ್ತೀನಾ ಹೆಚ್ಚು ಓದಿದವಳಲ್ಲ, ತನ್ನ ದುಃಖಕ್ಕೆ ಅವಳ ಹತ್ತಿರ ಮಾತು ಸಾಲದು. ಗಂಡ ಹೊಸ ಜಾಗದ ಮಣ್ಣು ಎಷ್ಟು ಆಳವಿದೆ ಎಂದು ಹೇಳುವಾಗ ಅವಳು ಕೇಳುವ ರೀತಿ ನೋಡಿ. ಅವನ ಸಂತೋಷಕ್ಕೆ ಅಡ್ಡ ಬರಬಾರದು ಎಂಬ ಒಳ್ಳೆಯತನ, ನಾನು ಇನ್ನು ಊರು ನೋಡಲಾರೆ ಎಂಬ ಅರಿವು, ಎರಡೂ ಒಟ್ಟಿಗೇ ಬರುತ್ತವೆ. ಕೆಲಸ ಹುಡುಕಿ ಊರು ಬಿಟ್ಟವರ ಮನೆಯಿಂದ ಬಂದ ಯಾರಿಗೂ ಈ ಮುಖದ ಪರಿಚಯ ಇದ್ದೇ ಇರುತ್ತದೆ.

ಇದಾದ ಮೇಲೆ ಹಾಲಿವುಡ್. 'ಲಾಸ್ಟ್ ಹೊರೈಜನ್' ಎಂಬ ಹಾಡುಗಳ ಚಿತ್ರ. ಅದರಲ್ಲಿ ಲಿವ್ ಅವರಿಗೆ ಹಿನ್ನೆಲೆ ಗಾಯಕಿಯೊಬ್ಬರ ಕಂಠ. ನಮಗದು ದೊಡ್ಡ ವಿಷಯವಲ್ಲ, ಆದರೆ ಚಿತ್ರ ನೆಲಕಚ್ಚಿತು. 'ಫಾರ್ಟಿ ಕ್ಯಾರಟ್ಸ್'ನಲ್ಲಿ ಮೂವತ್ನಾಲ್ಕರ ಲಿವ್ ನಲವತ್ತರ ಹೆಂಗಸಾದರು. 1974ರ 'ದಿ ಅಬ್ಡಿಕೇಶನ್'ನಲ್ಲಿ ರಾಣಿ ಕ್ರಿಸ್ಟೀನಾ. ಒಂದೂ ನಿಲ್ಲಲಿಲ್ಲ. ಆ ಚಿತ್ರಗಳಲ್ಲಿ ಎಲ್ಲರೂ ಬಡಬಡ ಮಾತಾಡುತ್ತಾರೆ, ಯಾರೂ ಕೇಳುವುದಿಲ್ಲ, ಕ್ಯಾಮೆರಾಗೂ ಪುರುಸೊತ್ತಿಲ್ಲ. ಅಮೆರಿಕ ಇವರನ್ನು ಸರಿಯಾಗಿ ಕಂಡದ್ದು ರಂಗದ ಮೇಲೆ. 1975ರಲ್ಲಿ ನ್ಯೂಯಾರ್ಕಿನ ಲಿಂಕನ್ ಸೆಂಟರ್‌ನಲ್ಲಿ ಇಬ್ಸೆನ್ನನ 'ಎ ಡಾಲ್ಸ್ ಹೌಸ್' ನಾಟಕದ ನೋರಾ ಆಡಿದರು, ಎರಡು ವರ್ಷದ ಮೇಲೆ ಅಮೆರಿಕದ ನಾಟಕಕಾರ ಓನೀಲ್‌ನ ಆನಾ ಕ್ರಿಸ್ಟಿ. ಎರಡಕ್ಕೂ ಅಲ್ಲಿಯ ರಂಗಭೂಮಿಯ ದೊಡ್ಡ ಪ್ರಶಸ್ತಿಯಾದ ಟೋನಿಗೆ ನಾಮನಿರ್ದೇಶನ ಸಿಕ್ಕಿತು.

'ಸೀನ್ಸ್ ಫ್ರಮ್ ಎ ಮ್ಯಾರೇಜ್' 1973ರಲ್ಲಿ ಸ್ವೀಡನ್ನಿನ ಟಿವಿಗೆಂದು ಮಾಡಿದ ಆರು ಕಂತು. ಟಿವಿಯಲ್ಲಿ ಮೊದಲು ಬಂದಿತ್ತು ಎಂಬ ನಿಯಮದ ಕಾರಣಕ್ಕೆ ಅದರ ಚಲನಚಿತ್ರ ಆವೃತ್ತಿಗೆ ಆಸ್ಕರ್ ಬಾಗಿಲು ಮುಚ್ಚಿತು. ಇಲ್ಲಿ ಲಿವ್ ಮರಿಯಾನೆ, ವಿಚ್ಛೇದನದ ಕೇಸುಗಳನ್ನು ನೋಡುವ ವಕೀಲೆ. ಗಂಡ ಯೋಹಾನ್, ಎರ್ಲಾಂಡ್ ಯೂಸೆಫ್‌ಸನ್. ಒಂದು ದಿನ ಆಫೀಸಿಗೆ ನಡುವಯಸ್ಸು ದಾಟಿದ ಹೆಂಗಸೊಬ್ಬಳು ಬರುತ್ತಾಳೆ, ಶ್ರೀಮತಿ ಯಾಕೋಬಿ. ವಿಚ್ಛೇದನ ಬೇಕು. ಗಂಡ ಕೆಟ್ಟವನಲ್ಲ, ಹೊಡೆದಿಲ್ಲ, ಜಗಳವಿಲ್ಲ. ಮದುವೆಯಲ್ಲಿ ಪ್ರೀತಿ ಇಲ್ಲ, ಅಷ್ಟೇ. ಮರಿಯಾನೆ ಫಾರಂ ತುಂಬಿಸುವವರ ದನಿಯಲ್ಲಿ ಪ್ರಶ್ನೆ ಕೇಳುತ್ತಾಳೆ. ಎಷ್ಟು ವರ್ಷವಾಯಿತು, ಮಕ್ಕಳೆಷ್ಟು, ಮುಂದೆ ಒಂಟಿಯಾಗುವ ಭಯವಿಲ್ಲವೆ. ಆ ಹೆಂಗಸು ತಣ್ಣಗೆ ಉತ್ತರಿಸುತ್ತಾಳೆ. ತನ್ನ ಇಂದ್ರಿಯಗಳೇ ಮಂಕಾಗುತ್ತಿವೆ ಎನ್ನುತ್ತಾಳೆ. ಈ ಮೇಜನ್ನು ಮುಟ್ಟುತ್ತೇನೆ, ಮುಟ್ಟಿದ್ದು ಗೊತ್ತಾಗುತ್ತದೆ, ಆದರೆ ಅದು ತೆಳುವಾಗಿ, ಒಣಗಿದಂತೆ ಇದೆ. ಸಂಗೀತವೂ ಹಾಗೇ, ಜನರ ಮುಖಗಳೂ ಹಾಗೇ.

ಈಗ ಲಿವ್ ಕಡೆ ನೋಡಿ. ವಕೀಲೆಯ ಮುಖದಲ್ಲಿ ಮೊದಲಿಗೆ ಸೌಜನ್ಯ. ನಡುವೆ ಎಲ್ಲೋ ಪೆನ್ನು ಹಿಡಿದ ಕೈಗೂ ಕಣ್ಣಿಗೂ ಸಂಬಂಧ ತಪ್ಪುತ್ತದೆ. ಈ ಹೆಂಗಸು ಹೇಳುತ್ತಿರುವುದು ತನ್ನ ಮನೆಯ ಕಥೆ ಎಂದು ಮರಿಯಾನೆಗೆ ಆ ಕ್ಷಣ ಗೊತ್ತಾಗುವುದಿಲ್ಲ, ಗೊತ್ತಾಗಲು ಶುರುವಾಗುತ್ತದೆ. ಈ ವ್ಯತ್ಯಾಸವನ್ನು ನಟಿಸಿ ತೋರಿಸುವುದು ಎಷ್ಟು ಕಷ್ಟ ಎಂದು ಹವ್ಯಾಸಿ ನಾಟಕದಲ್ಲಿ ಒಮ್ಮೆ ನಿಂತವರಿಗೂ ತಿಳಿದಿರುತ್ತದೆ. ನಾವೆಲ್ಲ ಮಾಡುವುದು ಒಂದೇ: ಕಣ್ಣಗಲಿಸಿ ಬೆಚ್ಚಿಬೀಳುವುದು.

ಮುಂದಿನ ಕಂತಿನಲ್ಲಿ ಯೋಹಾನ್ ರಾತ್ರಿ ಮನೆಗೆ ಬಂದು, ಇನ್ನೊಬ್ಬಳನ್ನು ಪ್ರೀತಿಸುತ್ತಿದ್ದೇನೆ, ನಾಳೆ ಬೆಳಿಗ್ಗೆ ಹೋಗುತ್ತಿದ್ದೇನೆ ಎನ್ನುತ್ತಾನೆ. ಮರಿಯಾನೆ ಕೂಗುವುದಿಲ್ಲ. ಅವನ ಸೂಟ್‌ಕೇಸಿಗೆ ಬಟ್ಟೆ ಜೋಡಿಸಿಕೊಡಲು ನೆರವಾಗುತ್ತಾಳೆ. ಅವನು ಹೋದ ಮೇಲೆ ಸ್ನೇಹಿತರಿಗೆ ಫೋನ್ ಮಾಡುತ್ತಾಳೆ. ಎಲ್ಲರಿಗೂ ಮೊದಲೇ ಗೊತ್ತಿತ್ತು ಎಂಬುದು ಆ ಕಡೆಯ ದನಿಯಿಂದ ತಿಳಿಯುತ್ತದೆ. ಗಂಡ ಬಿಟ್ಟುಹೋದಾಗ ಕುಸಿಯದವಳು ಈ ಫೋನಿನಲ್ಲಿ ಕುಸಿಯುತ್ತಾಳೆ. ಸಂಕಟಕ್ಕಿಂತ ಅವಮಾನ ಮೇಲಾಗುವ ಆ ಘಳಿಗೆ ನೋಡಿದಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

'ಆಟಮ್ ಸೊನಾಟಾ' ಬಂದದ್ದು 1978ರಲ್ಲಿ. ತೆರಿಗೆ ಪ್ರಕರಣದಿಂದ ನೊಂದು ಸ್ವೀಡನ್ ಬಿಟ್ಟಿದ್ದ ಬರ್ಗ್‌ಮನ್ ಇದನ್ನು ಚಿತ್ರೀಕರಿಸಿದ್ದು ಲಿವ್ ಅವರ ನಾರ್ವೆಯಲ್ಲಿ. ತಾಯಿ ಶಾರ್ಲಾಟ್ ಖ್ಯಾತ ಪಿಯಾನೊ ವಾದಕಿ, ಆ ಪಾತ್ರದಲ್ಲಿ ಇನ್‌ಗ್ರಿಡ್ ಬರ್ಗ್‌ಮನ್ (ನಿರ್ದೇಶಕರ ಸಂಬಂಧಿಯಲ್ಲ, ಮನೆತನದ ಹೆಸರು ಮಾತ್ರ ಒಂದೇ). ಮಗಳು ಈವಾ, ಹಳ್ಳಿಯ ಪಾದ್ರಿಯ ಹೆಂಡತಿ, ಲಿವ್. ಏಳು ವರ್ಷದ ಮೇಲೆ ತಾಯಿ ಮಗಳ ಮನೆಗೆ ಬಂದಿದ್ದಾಳೆ. ಈವಾ ದುಂಡು ಕನ್ನಡಕ ಹಾಕಿಕೊಂಡು, ಜಡೆ ಎತ್ತಿ ಕಟ್ಟಿಕೊಂಡು, ವಯಸ್ಸಾದ ಶಾಲಾ ಹುಡುಗಿಯ ಹಾಗೆ ಕಾಣುತ್ತಾಳೆ. ತಾಯಿಯ ಒತ್ತಾಯಕ್ಕೆ ಶೋಪಾನ್‌ನ ಒಂದು ಸಣ್ಣ ಪ್ರೆಲ್ಯೂಡ್ ನುಡಿಸುತ್ತಾಳೆ, ತಡವರಿಸಿ, ಆದರೆ ಜೀವ ಇಟ್ಟು. ಹೇಗಿತ್ತು ಎಂದರೆ ತಾಯಿ ತೇಲಿಸಿ ಮಾತಾಡುತ್ತಾಳೆ. ನಿಜ ಹೇಳು ಎಂದಾಗ ಅದನ್ನು ಹೇಗೆ ನುಡಿಸಬೇಕೆಂದು ಪಾಠ ಮಾಡಿ, ತಾನೇ ಕೂತು ನುಡಿಸುತ್ತಾಳೆ. ಅದ್ಭುತವಾಗಿ ನುಡಿಸುತ್ತಾಳೆ, ಕ್ರೂರವಾಗುವಷ್ಟು ಚೆನ್ನಾಗಿ.

ಚೌಕಟ್ಟಿನಲ್ಲಿ ಮುಂದೆ ತಾಯಿಯ ಪಾರ್ಶ್ವಮುಖ, ಪಕ್ಕದಲ್ಲಿ ಮಗಳ ಮುಖ. ಈವಾ ಪಿಯಾನೊದ ಮನೆಗಳ ಕಡೆ ನೋಡುವುದು ಕಡಿಮೆ, ತಿರುಗಿ ತಾಯಿಯನ್ನೇ ನೋಡುತ್ತಾಳೆ. ಆ ನೋಟದಲ್ಲಿ ಮೊದಲು ಬೆರಗು ಇದೆ, ಅಮ್ಮ ಎಷ್ಟು ಚೆಂದ ನುಡಿಸುತ್ತಾಳೆ ಎಂಬ ಮಗುವಿನ ಬೆರಗು. ಅದರ ಕೆಳಗೆ ಇಷ್ಟು ಸೂಕ್ಷ್ಮವಾಗಿ ನೋವನ್ನು ಬಲ್ಲವಳು ನನ್ನದನ್ನೇಕೆ ಕಾಣಲಿಲ್ಲ ಎಂಬ ಪ್ರಶ್ನೆ. ಇನ್ನೂ ಕೆಳಗೆ ದ್ವೇಷ. ಆ ರಾತ್ರಿ ಈವಾ ಬಾಯಿ ಬಿಟ್ಟು, ಬೆಳಗಿನ ಜಾವದವರೆಗೆ ತಾಯಿಯ ಮೇಲೆ ಸುರಿಸುವ ಆರೋಪಗಳೆಲ್ಲ ಈ ಪಿಯಾನೊ ಮುಂದಿನ ಮೌನದಲ್ಲೇ ಬಂದುಹೋಗಿರುತ್ತವೆ. ಮಾತುಗಳು ಬರುವ ಹೊತ್ತಿಗೆ ನಾವು ಅವನ್ನು ಆಗಲೇ ಕೇಳಿಯಾಗಿರುತ್ತದೆ.

ಬಾಲ್ಯದ ಈವಾಳಾಗಿ ಕಾಣಿಸಿಕೊಂಡವಳು ಲಿವ್ ಮಗಳು ಲಿನ್. ತಾಯಿ ಊರೂರು ತಿರುಗುವ ಕಲಾವಿದೆ, ಮನೆಯಲ್ಲಿ ಕಾಯುವ ಮಗಳು ಎಂಬುದು ಬರೀ ಕಥೆಯಾಗಿರಲಿಲ್ಲ. ಲಿವ್ ತಮ್ಮ ಪುಸ್ತಕದಲ್ಲಿ ಕೆಲಸಕ್ಕೂ ಮಗಳಿಗೂ ನಡುವೆ ಹರಿದುಹೋಗುವ ಅಪರಾಧಭಾವವನ್ನು ಮತ್ತೆ ಮತ್ತೆ ಬರೆಯುತ್ತಾರೆ. ಚಿತ್ರೀಕರಣದ ವೇಳೆ ಇನ್‌ಗ್ರಿಡ್ ನಿರ್ದೇಶಕರೊಂದಿಗೆ ಜಗಳಕ್ಕೇ ಬಿದ್ದದ್ದನ್ನೂ ಲಿವ್ ಹೇಳಿದ್ದಾರೆ. ಮಗಳು ಅಷ್ಟೆಲ್ಲ ಹೇಳಿದ ಮೇಲೆ ತಾಯಿ ಶರಣಾಗಿ ನನ್ನನ್ನು ಅಪ್ಪಿಕೋ ಎಂದು ಬೇಡಬೇಕು. ಇನ್‌ಗ್ರಿಡ್, ನನಗೆ ಇವಳ ಕೆನ್ನೆಗೆ ಬಾರಿಸಿ ಎದ್ದುಹೋಗಬೇಕು ಎನಿಸುತ್ತಿದೆ ಎಂದರಂತೆ. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಬರೆದ ಮಾತನ್ನೇ ಹೇಳಿದರು, ಮುಖದಲ್ಲಿ ಮಾತ್ರ ಆ ಸಿಟ್ಟು ಉಳಿಸಿಕೊಂಡರು. ಲಿವ್‌ಗೆ ಆ ಹಿರಿಯ ನಟಿಯ ಮೇಲೆ ಗೌರವ ಹೆಚ್ಚಿದ್ದು ಆಗ. ನನ್ನ ಎಣಿಕೆಯಲ್ಲಿ ವಯಸ್ಸು, ಹೆಸರು ಯಾವುದೂ ಅಡ್ಡ ಬಾರದ ಸರಿಸಮರ ನಟನೆ ಎಂದರೆ ಇದು.

1980ರ ಫೆಬ್ರವರಿಯಲ್ಲಿ ಥಾಯ್ಲೆಂಡ್ ಮತ್ತು ಕಾಂಬೋಡಿಯಾ ಗಡಿಯಲ್ಲಿ, ಹಸಿದವರಿಗೆ ಆಹಾರ, ಔಷಧಿ ಒಳಗೆ ಬಿಡಿ ಎಂದು ಕೇಳಿಕೊಂಡು ನಡೆದವರ ಸಾಲಿನಲ್ಲಿ ಗಾಯಕಿ ಜೋನ್ ಬಾಯೆಜ್, ನಾಜಿ ಶಿಬಿರದಿಂದ ಬದುಕಿ ಬಂದ ಲೇಖಕ ಎಲೀ ವೀಸೆಲ್ ಜೊತೆ ಲಿವ್ ಇದ್ದರು. ಗಡಿ ತೆರೆಯಲಿಲ್ಲ. ಅದೇ ವರ್ಷ ಯುನಿಸೆಫ್ ಅವರನ್ನು ಸದ್ಭಾವನಾ ರಾಯಭಾರಿಯಾಗಿ ಮಾಡಿಕೊಂಡಿತು, ಆ ಸ್ಥಾನಕ್ಕೆ ಬಂದ ಮೊದಲ ಮಹಿಳೆ. 1989ರಲ್ಲಿ ನಿರಾಶ್ರಿತ ಮಹಿಳೆಯರಿಗಾಗಿ ಕೆಲಸ ಮಾಡುವ ಆಯೋಗವೊಂದನ್ನು ಕಟ್ಟುವುದರಲ್ಲಿ ಸೇರಿಕೊಂಡರು. ತಾರೆಯರ ಸಮಾಜಸೇವೆಯನ್ನು ಅನುಮಾನದಿಂದ ನೋಡುವವರಿದ್ದಾರೆ. ಎರಡು ವರ್ಷದ ಕೂಸಾಗಿದ್ದಾಗಲೇ ಯುದ್ಧ ಯಾರನ್ನು ದೇಶದಿಂದ ದೇಶಕ್ಕೆ ಓಡಿಸಿತೋ ಅವರು ಮಾಡಿದ ಕೆಲಸವನ್ನು ಹಾಗೆ ನೋಡಲು ನನಗಾಗದು.

ಐವತ್ತು ದಾಟಿದ ಮೇಲೆ ಪೂರ್ಣಪ್ರಮಾಣದ ಚಿತ್ರಗಳ ನಿರ್ದೇಶನಕ್ಕೆ ಇಳಿದರು. 1992ರ 'ಸೋಫಿ' ಕೋಪನ್‌ಹೇಗನ್‌ನ ಯಹೂದಿ ಕುಟುಂಬವೊಂದರ ಕಥೆ. 1995ರ 'ಕ್ರಿಸ್ಟಿನ್ ಲಾವ್ರಾನ್ಸ್‌ದಾತರ್' ನಾರ್ವೆಯ ನೊಬೆಲ್ ಲೇಖಕಿ ಸಿಗ್ರಿಡ್ ಉಂಡ್‌ಸೆಟ್ ಕಾದಂಬರಿಯ ಮಧ್ಯಯುಗದ ಲೋಕ. ಉದ್ದವಾಯಿತು ಎಂದು ದೂರಿದವರಿದ್ದಾರೆ. ನನಗೆ ಇಷ್ಟ. 2014ರ 'ಮಿಸ್ ಜೂಲಿ' ಮಾತ್ರ ಭಾರ ಎನಿಸಿತು. ಇವೆಲ್ಲಕ್ಕಿಂತ ಮೇಲೆ ನಿಲ್ಲುವುದು 2000ದ 'ಫೇತ್‌ಲೆಸ್'. ಚಿತ್ರಕಥೆ ಬರ್ಗ್‌ಮನ್ ಅವರದು, ತಮ್ಮದೇ ಯೌವನದ ಒಂದು ಅಕ್ರಮ ಸಂಬಂಧದ ಪಶ್ಚಾತ್ತಾಪದಿಂದ ಹುಟ್ಟಿದ್ದು. ತಾವು ನಿರ್ದೇಶಿಸಲಾರದೆ ಅದನ್ನು ಲಿವ್ ಕೈಗಿಟ್ಟರು. ಬರವಣಿಗೆ ಮೂವರು ದೊಡ್ಡವರ ಸುತ್ತ ಸುತ್ತುತ್ತದೆ: ಗಂಡ, ಹೆಂಡತಿ, ಗೆಳೆಯ. ಲಿವ್ ಅದರಲ್ಲಿ ಇಸಬೆಲ್ ಎಂಬ ಪುಟ್ಟ ಮಗಳಿಗೆ ಜಾಗ ಹಿಗ್ಗಿಸಿದರು. ದೊಡ್ಡವರು ಪ್ರೇಮ, ಹಕ್ಕು, ವಕೀಲರ ಬಗ್ಗೆ ಜಗಳವಾಡುವಾಗ ಕ್ಯಾಮೆರಾ ಹುಡುಗಿಯ ಕಡೆ ತಿರುಗುತ್ತದೆ. ಅವಳು ಎಲ್ಲವನ್ನೂ ಕೇಳುತ್ತಿದ್ದಾಳೆ. ಇಡೀ ಬದುಕು ಕ್ಯಾಮೆರಾದ ಮುಂದೆ ಕೇಳಿಸಿಕೊಂಡ ನಟಿ ಕ್ಯಾಮೆರಾದ ಹಿಂದೆ ಹೋದ ಮೇಲೆ ಹುಡುಕಿದ್ದು, ಆ ಮನೆಯಲ್ಲಿ ಯಾರೂ ಗಮನಿಸದ, ಕೇಳಿಸಿಕೊಳ್ಳುವ ಆ ಹುಡುಗಿಯನ್ನು. ಬರ್ಗ್‌ಮನ್‌ನ ವಯಲಿನ್ ಎಂದವರಿಗೆ ನಾನು ತೋರಿಸುವುದು ಈ ಚಿತ್ರವನ್ನು.

ಬರ್ಗ್‌ಮನ್ 2007ರ ಜುಲೈ 30ರಂದು ಫೋರೊದಲ್ಲೇ ತೀರಿಕೊಂಡರು. ಮಗಳು ಲಿನ್ ಇಂದು ನಾರ್ವೆಯ ಮುಖ್ಯ ಕಾದಂಬರಿಗಾರ್ತಿ, ತಂದೆಯ ಕೊನೆಯ ದಿನಗಳ ಧ್ವನಿಮುದ್ರಣಗಳನ್ನಿಟ್ಟುಕೊಂಡು ತಂದೆತಾಯಿಯ ಬಗ್ಗೆ ಕಾದಂಬರಿ ಬರೆದರು. ಲಿವ್ ಅವರಿಗೆ ಗೌರವ ಆಸ್ಕರ್ ಬಂದದ್ದು 2022ರಲ್ಲಿ, ಎಂಬತ್ಮೂರನೇ ವಯಸ್ಸಿಗೆ.

ಇವರ ಚಿತ್ರಗಳನ್ನು ಇದುವರೆಗೆ ನೋಡಿಲ್ಲದವರು ಎಲ್ಲಿಂದ ಶುರು ಮಾಡಬೇಕು ಎಂದು ಕೇಳುತ್ತಾರೆ. 'ಪರ್ಸೋನಾ'ದಿಂದ ಬೇಡ. ಅದು ಪ್ರಸಿದ್ಧ ಎಂದು ಮೊದಲು ಅದನ್ನೇ ಹಾಕಿಕೊಂಡು, ಅರ್ಥವಾಗದೆ, ಇನ್ನುಳಿದದ್ದನ್ನೂ ಬಿಟ್ಟವರನ್ನು ಬಲ್ಲೆ. 'ದಿ ಎಮಿಗ್ರಂಟ್ಸ್' ಮೊದಲು ನೋಡಿ, ಮನೆಮಂದಿಯೆಲ್ಲ ಕೂತು ನೋಡಬಹುದು. ಮೂರು ಗಂಟೆ ಮೀರುತ್ತದೆ, ಎರಡು ದಿನ ಮಾಡಿಕೊಂಡರೂ ತೊಂದರೆಯಿಲ್ಲ. ಆಮೇಲೆ 'ಸೀನ್ಸ್ ಫ್ರಮ್ ಎ ಮ್ಯಾರೇಜ್'. ಅದನ್ನು ಮಾತ್ರ ಕತ್ತರಿಸಿದ ಚಲನಚಿತ್ರ ಆವೃತ್ತಿಯಲ್ಲಿ ನೋಡಬೇಡಿ, ಆರು ಕಂತುಗಳನ್ನೇ ಹುಡುಕಿ, ರಾತ್ರಿಗೊಂದರಂತೆ ನೋಡಿ. ಎರಡನೆಯ ಕಂತಿನಲ್ಲಿ ಶ್ರೀಮತಿ ಯಾಕೋಬಿ ಬಂದು ಕೂತಾಗ ಮೊಬೈಲ್ ಬದಿಗಿಡಿ. ಸಬ್‌ಟೈಟಲ್ ಓದಲು ಕಣ್ಣು ಕೆಳಗಿಳಿಯುತ್ತದೆ ಎಂಬ ತಾಪತ್ರಯ ಇದ್ದೇ ಇದೆ. ಹಾಗಾಗಿ ಆ ದೃಶ್ಯವನ್ನು ಒಮ್ಮೆ ಓದಿಕೊಂಡು ನೋಡಿ, ಆಮೇಲೆ ಹಿಂದಕ್ಕೆ ಹೋಗಿ ಸಬ್‌ಟೈಟಲ್ ತೆಗೆದುಹಾಕಿ ಇನ್ನೊಮ್ಮೆ ನೋಡಿ.